ಮುಖಕ್ಕೆ ಮಾತ್ರ ಬೇಡ

ಇಸ್ತ್ರಿಯಮ್ಮ ದೇವರ ಹತ್ತಿರ ಯಾವತ್ತೂ ದೊಡ್ಡದನ್ನು ಕೇಳಿದವಳಲ್ಲ. ಮಂಡಿನೋವು ವಾಸಿಯಾಗಲಿ ಎಂದು ಕೇಳಲಿಲ್ಲ, ಭಾನುವಾರ ಪ್ರಾರ್ಥನೆ ಹಾಲಿನ ಮೆಟ್ಟಿಲು ಹತ್ತುವಷ್ಟು ಹೊತ್ತು ಸುಮ್ಮನಿದ್ದರೆ ಸಾಕು ಎಂದಳು. ಗಂಡ ಕುಡಿತ ಬಿಡಲಿ ಎಂದು ಕೇಳಲಿಲ್ಲ, ಕುಡಿದು ಬಂದವನಿಗೆ ಬೇಗ ನಿದ್ದೆ ಹತ್ತಲಿ ಎಂದಳು. ಅವನು ಹಾಸಿಗೆ ಹಿಡಿದಾಗಲೂ ಉಳಿಸಿಕೊಡು ಎನ್ನಲು ನಾಲಗೆ ಏಳಲಿಲ್ಲ, ಒದ್ದಾಡದೆ ಹೋಗಲಿ ಎಂದಳು, ಅವನು ಹಾಗೇ ಹೋದ. ಕೇಳಿದ್ದೆಲ್ಲ ಸಿಕ್ಕಿದೆ ಎಂಬ ಹೆಮ್ಮೆ ಅವಳಿಗೆ. ಸಿಗದೆ ಇನ್ನೇನು? ಅಷ್ಟು ಚಿಕ್ಕದನ್ನು ಕೇಳಿದರೆ ಎದುರುಮನೆಯವರೂ ಕೊಟ್ಟು ಕಳಿಸುತ್ತಾರೆ.

ಮನೆಯ ಮುಂದಿನ ಕೋಣೆಯೇ ಅವಳ ಇಸ್ತ್ರಿ ಅಂಗಡಿ. ಕಂಬಳಿ ಹಾಸಿ ಮೇಲೊಂದು ಬಿಳಿ ಬಟ್ಟೆ ಬಿಗಿದ ಉದ್ದ ಮೇಜು, ಮುಚ್ಚಳಕ್ಕೆ ತೂತು ಕೊರೆದ ನೀರಿನ ಬಾಟಲಿ, ಆರು ಕಿಲೋ ತೂಗುವ ಇಸ್ತ್ರಿ ಪೆಟ್ಟಿಗೆ, ಗೋಡೆಗುಂಟ ಬಟ್ಟೆ ಗಂಟುಗಳು. ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ. ತವರಿನವರು ಅವಳ ಹೆಸರಿಗೇ ಬರೆದುಕೊಟ್ಟಿದ್ದ ಮನೆ ಅದು. ಅಲ್ಲಿ ಅವಳು, ಮಗ, ಸೊಸೆ, ಏಳು ವರ್ಷದ ಮೊಮ್ಮಗಳು ಪುಟ್ಟಿ. ಸೊಸೆ ಒಳಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು.

ಮಗನನ್ನು ಬೀದಿಯವರು ಜಾಕಿ ಎನ್ನುತ್ತಿದ್ದರು. ಟೈರ್ ಅಂಗಡಿಯಲ್ಲಿ ಕೆಲಸ. ಒಮ್ಮೆ ಪಂದ್ಯ ಕಟ್ಟಿ, ಜಾಕ್ ಇಲ್ಲದೆ ಬರಿಗೈಯಲ್ಲಿ ವ್ಯಾನಿನ ಹಿಂಭಾಗ ಎತ್ತಿ, ಗೆಳೆಯ ಚಕ್ರ ಬಿಚ್ಚುವವರೆಗೂ ಹಿಡಿದು ನಿಂತಿದ್ದ. ಅವತ್ತು ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಆ ಕೈ ಮನೆಗೆ ಬಂದಮೇಲೆ ಏನು ಮಾಡುತ್ತದೆ ಎಂದು ಚಪ್ಪಾಳೆ ತಟ್ಟಿದವರಲ್ಲಿ ಯಾರೂ ಕೇಳಲಿಲ್ಲ. ಗೊತ್ತಿರಲಿಲ್ಲ ಎಂದಲ್ಲ. ಆ ಬೀದಿಯ ಗೋಡೆಗಳು ಅಷ್ಟೇನೂ ದಪ್ಪ ಇರಲಿಲ್ಲ.

ಸೊಸೆ ಮದುವೆಯಾಗಿ ಬಂದ ಎರಡನೇ ತಿಂಗಳಿಗೇ ಅತ್ತೆ ಅವಳಿಗೆ ಪಾಠ ಹೇಳಿಕೊಟ್ಟಿದ್ದಳು. "ಕೈ ಎತ್ತಿದ ತಕ್ಷಣ ಕೂತ್ಕೊಂಡುಬಿಡು. ಮಂಡಿ ಎದೆಗೆ ತಂದ್ಕೊ, ತಲೆ ಬಗ್ಗಿಸು, ಬೆನ್ನು ಕೊಡು. ಮನಸ್ಸಲ್ಲೇ 'ಯೇಸಪ್ಪಾ, ಮುಖಕ್ಕೆ ಮಾತ್ರ ಬೇಡ' ಅನ್ನು. ಕೇಳಿಸ್ಕೋತಾನೆ ಕಣೇ. ನನಗೆ ಮೂವತ್ತು ವರ್ಷ ಕೇಳಿಸ್ಕೊಂಡಿದಾನೆ." ಹೇಳುವಾಗ ಅವಳಿಗೆ ಒಂದು ಒಳ್ಳೆಯ ಕೈಮದ್ದು ದಾಟಿಸಿದಷ್ಟು ಸಮಾಧಾನ. ಹುಡುಗಿ ಬಾಯಿ ತೆರೆದು ಅವಳನ್ನೇ ನೋಡಿದ್ದಳು. ಆಮೇಲೆ ಕಲಿತಳು. ಎಂಟು ವರ್ಷದಲ್ಲಿ ಎರಡು ಪಕ್ಕೆಲುಬು, ಒಂದು ಕಿರುಬೆರಳು, ಹೊಟ್ಟೆಯಲ್ಲಿದ್ದ ಎರಡನೇ ಮಗು ಹೋದವು. ಮುಖಕ್ಕೆ ಮಾತ್ರ ಏನೂ ಆಗಿರಲಿಲ್ಲ.

ಗುರುವಾರ ಮಧ್ಯಾಹ್ನ ಜಾಕಿ ಟೈರ್ ಅಂಗಡಿಯ ಯಜಮಾನನ ಜೊತೆ ಜಗಳ ಆಡಿಕೊಂಡು ಬಂದ. ಚಪ್ಪಲಿ ಬಿಡುವ ಸದ್ದಿನಲ್ಲೇ ಇಸ್ತ್ರಿಯಮ್ಮನಿಗೆ ಗೊತ್ತಾಯಿತು. ಪುಟ್ಟಿಗೂ ಗೊತ್ತಾಯಿತು, ಪುಸ್ತಕ ಹಿಡಿದುಕೊಂಡೇ ಮೇಜಿನ ಕೆಳಗೆ ನುಸುಳಿದಳು. ಸೊಸೆ ಹೊಲಿದ ಅಂಗಿಗಳನ್ನು ಇಸ್ತ್ರಿಗೆ ಇಡಲು ಹೊರಗೆ ಬಂದವಳು ಅವನಿಗೆ ಎದುರಾದಳು. ಅಷ್ಟೇ ಅವಳು ಮಾಡಿದ ತಪ್ಪು.

"ಏನ್ ಹಾಗೆ ನೋಡ್ತೀಯ?"

"ಏನಿಲ್ಲ."

"ನೋಡಿದೆ. ನೀನೂ ನನ್ನ ನೋಡಿ ನಗ್ತೀಯಾ?"

ಅವನು ಅವಳ ಜಡೆ ಹಿಡಿದು ಮೇಜಿಗೆ ಬಡಿದ. ನೀರಿನ ಬಾಟಲಿ ಉರುಳಿತು. ಸೊಸೆ ಕಲಿತ ಹಾಗೆ ಕೂರಲು ನೋಡಿದಳು, ಅವನು ಕೂರಲು ಬಿಡಲಿಲ್ಲ. ಇಸ್ತ್ರಿಯಮ್ಮನ ಕೈಯಲ್ಲಿ ಪೆಟ್ಟಿಗೆ ಕಾದಿತ್ತು, ಯಾರದೋ ಪ್ಯಾಂಟಿನ ಗೆರೆ ಅರ್ಧಕ್ಕೆ ಬಂದಿತ್ತು. ಅವನು ಪೆಟ್ಟಿಗೆಯನ್ನು ಅವಳ ಕೈಯಿಂದ ಕಿತ್ತುಕೊಂಡ. ಅವಳೋ, ಬಿಗಿಯಾಗಿ ಹಿಡಿದುಕೊಳ್ಳಲೂ ಇಲ್ಲ. ಬಾಯಲ್ಲಿ ಪ್ರಾರ್ಥನೆ ಮಾತ್ರ ಬಂತು. ಯೇಸಪ್ಪಾ, ಮುಖಕ್ಕೆ ಮಾತ್ರ ಬೇಡ.

ಅವನು ಸೊಸೆಯ ಎಡದೋಳಿಗೆ ಒತ್ತಿದ. ಅವಳು ತೊಟ್ಟ ಬಟ್ಟೆ ಕರಗಿ ಚರ್ಮಕ್ಕೆ ಅಂಟಿತು. ಸೊಸೆಯ ಬಾಯಿಂದ ಹೊರಟ ಸದ್ದು ಆ ಮನೆಯಲ್ಲಿ ಅದಕ್ಕೆ ಮೊದಲು ಯಾರೂ ಕೇಳಿದ್ದಲ್ಲ. ಅವನಿಗೂ ಅದು ಹೊಸದಿರಬೇಕು, ಪೆಟ್ಟಿಗೆಯನ್ನು ಮೇಜಿನ ಮೇಲೆ ಎಸೆದು ಹೊರಟೇ ಹೋದ. ಬಿಳಿ ಬಟ್ಟೆಯಿಂದ ಹೊಗೆ ಏಳುತ್ತಿತ್ತು. ಇಸ್ತ್ರಿಯಮ್ಮ ಮೊದಲು ಪೆಟ್ಟಿಗೆ ಎತ್ತಿ ನಿಲ್ಲಿಸಿದಳು, ಆಮೇಲೆ ಸೊಸೆಯ ಕಡೆ ತಿರುಗಿದಳು. ಈ ಕ್ರಮವನ್ನು ನೆನೆದು ಅವಳು ಮುಂದೆ ಎಷ್ಟೋ ಸಲ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಿದ್ದಾಳೆ.

ಬಚ್ಚಲಲ್ಲಿ ಕೂರಿಸಿ ತೋಳಿನ ಮೇಲೆ ತಣ್ಣೀರು ಸುರಿದಳು. ಬಟ್ಟೆಯ ಜೊತೆ ಚರ್ಮವೂ ಬಂತು. "ದೇವರು ದೊಡ್ಡವನು ಕಣೇ," ಎಂದಳು. "ತೋಳಿಗೆ ಹೋಯ್ತು. ಒಂದು ಗೇಣು ಮೇಲಿದ್ದಿದ್ರೆ ಕಣ್ಣೇ ಹೋಗ್ತಿತ್ತು."

ಸೊಸೆ ಅಳುವುದನ್ನು ನಿಲ್ಲಿಸಿದಳು. "ಅತ್ತೆ, ದೇವರಿಗೆ ಕೃತಜ್ಞತೆ ಹೇಳ್ತಿದೀರಾ?"

"ಹೇಳಬೇಡ್ವಾ?"

ಅಷ್ಟರಲ್ಲಿ ಬಚ್ಚಲ ಬಾಗಿಲಲ್ಲಿ ಪುಟ್ಟಿ ನಿಂತಿದ್ದಳು. "ಅಜ್ಜಿ, ನಾನೂ ಕೇಳ್ದೆ," ಎಂದಳು. ಶಾಲೆಯಲ್ಲಿ ಮಗ್ಗಿ ಒಪ್ಪಿಸುವಾಗಿನ ದನಿ. "ಅಮ್ಮಂಗೆ ಮುಖಕ್ಕೆ ಬೇಡ ಅಂದೆ. ನಾನು ದೊಡ್ಡೋಳಾದ್ಮೇಲೆ ನಂಗೂ ಮುಖಕ್ಕೆ ಬೇಡ ಅಂದೆ."

ಇಸ್ತ್ರಿಯಮ್ಮನ ಕೈಯಲ್ಲಿದ್ದ ಚೊಂಬಿನ ನೀರು ಮುಗಿದಿತ್ತು, ಅವಳು ಖಾಲಿ ಚೊಂಬನ್ನೇ ಬಗ್ಗಿಸಿಕೊಂಡು ನಿಂತಿದ್ದಳು. ಸೊಸೆ ಮಗಳನ್ನು ನೋಡಿದಳು, ಆಮೇಲೆ ಅತ್ತೆಯನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಇಸ್ತ್ರಿಯಮ್ಮ ಹೇಗೋ ತಡೆದುಕೊಳ್ಳುತ್ತಿದ್ದಳು.

ಜಾಕಿ ಆಮೇಲೆ ಮನೆ ಕಡೆ ಬಂದಿರಲಿಲ್ಲ. ಭಾನುವಾರ ಮೂವರೂ ಪ್ರಾರ್ಥನೆ ಹಾಲಿಗೆ ಹೋದರು. ಸೈಕಲ್ ಅಂಗಡಿಯ ಮೇಲಿನ ಒಂದೇ ದೊಡ್ಡ ಕೋಣೆ, ಎಪ್ಪತ್ತು ಪ್ಲಾಸ್ಟಿಕ್ ಕುರ್ಚಿ. ಪಾಸ್ಟರ್ ಮೊದಲು ಲಾರಿ ಓಡಿಸುತ್ತಿದ್ದವರು, ಗಂಟಲು ದೊಡ್ಡದು, ಮೈಕು ಕೆಟ್ಟರೆ ಅವರಿಗೆ ಸಂತೋಷ. ಆ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಆರಾಧನೆ ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು ತಮ್ಮ ಬೇಡಿಕೆ ಹೇಳಬೇಕು. ಪಾಸ್ಟರ್ "ಆಮೆನ್ ಯಾರದು?" ಎಂದು ಕೇಳುತ್ತಾರೆ. ಆಮೆನ್ ಅಂದವರು ಸುಮ್ಮನೆ ಬಾಯಿಮಾತಿಗೆ ಅನ್ನುವ ಹಾಗಿಲ್ಲ, ಆ ಬೇಡಿಕೆಗೆ ತಮ್ಮ ಕೈಲಾದದ್ದನ್ನು ಆ ವಾರದೊಳಗೆ ಮಾಡಬೇಕು. ಕೆಲಸ ಬೇಕು ಎಂದವನಿಗೆ ಆಮೆನ್ ಅಂದರೆ ನಾಲ್ಕು ಕಡೆ ಹೋಗಿ ವಿಚಾರಿಸಬೇಕು. ಹಿಂದಿನ ಪಾಸ್ಟರ್ ಒಳ್ಳೆಯ ಮನಸ್ಸಿನಿಂದಲೇ ಮಾಡಿಟ್ಟ ಪದ್ಧತಿ. ಅದರಿಂದ ಆಗಿದ್ದೇನೆಂದರೆ ಜನ ಎದ್ದುನಿಂತು ಬರೀ ಕೆಮ್ಮು ನೆಗಡಿಯನ್ನೇ ಹೇಳತೊಡಗಿದರು. ಕೆಮ್ಮಿಗೆ ಆಮೆನ್ ಅಂದರೆ ಒಂದು ಚೂರು ಶುಂಠಿ ಕೊಟ್ಟರೆ ಮುಗಿಯಿತು. ಯಾರ ಮೇಲೂ ಭಾರ ಹಾಕಬಾರದು ಎಂಬ ಮರ್ಯಾದೆ, ಭಾರ ಹೊರಬಾರದು ಎಂಬ ಜಾಣತನ, ಎರಡೂ ಸೇರಿ ಇಡೀ ಸಭೆ ಇಸ್ತ್ರಿಯಮ್ಮನ ಹಾಗೇ ಆಗಿತ್ತು.

ಆ ದಿನ ಪಾಸ್ಟರಿಗೆ ಅದೇ ತಲೆಬಿಸಿ. "ದೇವರ ಹತ್ರ ಕೆಮ್ಮಿನ ಔಷಧಿ ಬಿಟ್ಟು ಬೇರೇನೂ ಇಲ್ಲ ಅಂದ್ಕೊಂಡಿದೀರಾ?" ಎಂದು ಕೇಳಿದರು. "ನಿಮ್ಮ ಮಗಳು ಹಸಿವಾದಾಗ ಅಡುಗೆಮನೆ ಬಾಗಿಲಲ್ಲಿ ನಿಂತು, ಅಪ್ಪಾ, ಪಾತ್ರೆ ತಳದಲ್ಲಿ ಸೀದಿದ್ದು ಏನಾದ್ರೂ ಉಳಿದಿದ್ರೆ ಕೊಡ್ತೀಯಾ ಅಂತ ಕೇಳಿದ್ರೆ ನಿಮಗೆ ಹೇಗನ್ಸುತ್ತೆ? ಎಂಥಾ ವಿನಯ ಅಂತ ಖುಷಿಯಾಗುತ್ತಾ? ಕರುಳು ಕಿತ್ತು ಬರಲ್ವಾ? ಆ ಮಗು ನಿಮ್ಮನ್ನ ಏನಂತ ತಿಳ್ಕೊಂಡಿದೆ?" ಜನ ತಲೆ ಆಡಿಸಿದರು. ತಲೆ ಆಡಿಸುವುದರಲ್ಲಿ ಆ ಸಭೆ ಯಾವತ್ತೂ ಹಿಂದೆ ಬಿದ್ದದ್ದಿಲ್ಲ.

ಬೇಡಿಕೆ ಶುರುವಾಯಿತು. ಒಬ್ಬರಿಗೆ ಹಲ್ಲುನೋವು. ದಪ್ಪಕ್ಕ ಎಂದು ಎಲ್ಲರೂ ಕರೆಯುವ ಹೆಂಗಸಿನ ಬೆಕ್ಕು ಕಾಣೆಯಾಗಿತ್ತು, ಬೆಕ್ಕಿಗೆ ಒಂಬತ್ತು ಆಮೆನ್ ಬಿದ್ದವು. ಆಮೇಲೆ ಸೊಸೆ ಎದ್ದಳು. ಎಂಟು ವರ್ಷದಲ್ಲಿ ಒಮ್ಮೆಯೂ ಎದ್ದವಳಲ್ಲ. ಎಡದೋಳಿನ ಬಟ್ಟೆ ಸರಿಸಿ ಪಟ್ಟಿ ಬಿಚ್ಚಿದಳು. ಪೆಟ್ಟಿಗೆಯ ಮೂತಿಯ ಆಕಾರ ಹಾಗೇ ಮೂಡಿತ್ತು, ಕೆಂಪಗೆ, ಅಂಚಿನಲ್ಲಿ ಕೀವು.

"ಇದನ್ನ ಮಾಡಿದ್ದು ನನ್ನ ಗಂಡ," ಎಂದಳು. "ನನ್ನ ಬೇಡಿಕೆ ಏನು ಅಂದ್ರೆ, ಅವನು ಇವತ್ತಿಂದ ನಾವಿರೋ ಮನೆಗೆ ಕಾಲಿಡಬಾರದು. ಯಾವತ್ತೂ ಇಡಬಾರದು. ನಾನೂ ನನ್ನ ಮಗಳೂ ಹೆದರಿಕೆ ಇಲ್ಲದೆ ಬದುಕಬೇಕು. ಸ್ವಲ್ಪ ದಿನ ಅಲ್ಲ, ಸಾಯೋವರೆಗೆ."

ಇಸ್ತ್ರಿಯಮ್ಮ ಕೂತಲ್ಲಿಂದಲೇ ಸೊಸೆಯ ಕೈ ಹಿಡಿದು ಎಳೆದಳು. "ಸ್ವಲ್ಪ ಕಮ್ಮಿ ಮಾಡಿ ಕೇಳೇ," ಎಂದು ಪಿಸುಗುಟ್ಟಿದಳು. "ಅವನ ಸಿಟ್ಟು ಇಳೀಲಿ ಅಂತ ಕೇಳು. ಅದನ್ನ ದೇವರು ಕೊಡ್ತಾನೆ."

"ಕಮ್ಮಿ ಮಾಡಿ ಮಾಡಿ ಎಂಟು ವರ್ಷ ಆಯ್ತು ಅತ್ತೆ." ಸೊಸೆ ದನಿ ತಗ್ಗಿಸಲಿಲ್ಲ. "ಕೊಡೋದು ಬಿಡೋದು ದೇವರ ಇಷ್ಟ. ನಾನು ಕೇಳೋದನ್ನ ಪೂರ್ತಿ ಕೇಳ್ತೀನಿ."

"ಆಮೆನ್ ಯಾರದು?" ಎಂದರು ಪಾಸ್ಟರ್.

ಯಾರೂ ಅನ್ನಲಿಲ್ಲ. ಜಾಕಿಯ ಕೈ ಎಲ್ಲರಿಗೂ ಗೊತ್ತು. ಅದಕ್ಕಿಂತ ಹೆಚ್ಚಾಗಿ, ಮನೆ ಯಾರ ಹೆಸರಿನಲ್ಲಿದೆ ಎಂಬುದೂ ಗೊತ್ತು. ಒಂದೊಂದೇ ಮುಖ ಇಸ್ತ್ರಿಯಮ್ಮನ ಕಡೆ ತಿರುಗಿತು. ಅವಳು ಆಮೆನ್ ಅಂದರೆ ಅವಳೇ ಹೆತ್ತ ಮಗನನ್ನು ಅವಳೇ ಹೊರಗೆ ಹಾಕಬೇಕು. ಅನ್ನದಿದ್ದರೆ ಮಿಕ್ಕವರ ಆಮೆನ್‌ಗಳಿಂದ ಏನೂ ಆಗುವುದಿಲ್ಲ. ಒಬ್ಬನೇ ಮಗ. ಜ್ವರ ಬಂದಾಗ ಎದೆಯ ಮೇಲೆ ಮಲಗಿಸಿಕೊಂಡು ಮೂರು ದಿನ ಕೂತಿದ್ದಳು, ಆಗಲೂ ಕೇಳಿದ್ದು ಜ್ವರ ತಲೆಗೆ ಏರದಿರಲಿ ಎಂದಷ್ಟೇ. ಅವನ ಅಪ್ಪ ಹೊಡೆಯುವಾಗ ಆ ಮಗುವೂ ಮೇಜಿನ ಕೆಳಗೆ ಕೂರುತ್ತಿತ್ತು, ಈಗ ಪುಟ್ಟಿ ಕೂರುವ ಅದೇ ಮೂಲೆ. ಆಗ ತಾನು ದೊಡ್ಡದಾಗಿ ಏನಾದರೂ ಕೇಳಿದ್ದಿದ್ದರೆ? ಇದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ. ಕೊಡುವವನ ಕೈ ಚಿಕ್ಕದೆಂದು ಅವಳೇ ತೀರ್ಮಾನ ಮಾಡಿ, ಆ ತೀರ್ಮಾನಕ್ಕೆ ಭಕ್ತಿ ಎಂದು ಹೆಸರಿಟ್ಟುಕೊಂಡಿದ್ದಳು.

"ಆಮೆನ್," ಎಂದಳು. ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಎದ್ದು ನಿಂತು ಇನ್ನೊಂದು ಸಲ ಹೇಳಿದಳು.

ಬೀಗದ ಅಣ್ಣ ಕೈ ಎತ್ತಿದ. ಬೀದಿ ತಿರುವಿನಲ್ಲಿ ಬೀಗ ರಿಪೇರಿ ಮಾಡುವ ಒಣಕಲು ಮನುಷ್ಯ. "ಬಾಗಿಲಿಗೆ ಹೊಸ ಬೀಗ ಹಾಕಿಕೊಡ್ತೀನಿ," ಎಂದ. ಆಸ್ಪತ್ರೆಯ ನರ್ಸಕ್ಕ ಎದ್ದು, ಗಾಯ ತೋರಿಸಿ ಡಾಕ್ಟರ್ ಹತ್ತಿರ ಬರೆಸಿಕೊಳ್ಳೋಣ, ಈಗಲೇ ನಡಿ ಎಂದಳು. ಪಾಸ್ಟರ್ ತಾವು ಪೊಲೀಸ್ ಠಾಣೆಗೆ ಹೋಗುತ್ತೇನೆಂದರು. ಆಮೇಲೆ ದಪ್ಪಕ್ಕ, ಆಮೇಲೆ ಇನ್ನೂ ಮೂವರು. ಬೆಕ್ಕಿಗೆ ಬಿದ್ದಷ್ಟು ಬೀಳಲಿಲ್ಲ, ಆದರೂ ಬಿದ್ದವು.

ಮಧ್ಯಾಹ್ನ ಒಂದು ಗಂಟೆಗೆ ಬೀಗದ ಅಣ್ಣ ಬಾಗಿಲಲ್ಲಿ ಕೂತು ಹಳೇ ಬೀಗದ ತಿರುಪು ಬಿಚ್ಚುತ್ತಿದ್ದ. ಸೊಸೆ, ಪುಟ್ಟಿ ಇಬ್ಬರೂ ನರ್ಸಕ್ಕನ ಜೊತೆ ಆಸ್ಪತ್ರೆಗೆ ಹೋಗಿದ್ದರು. ಇಸ್ತ್ರಿಯಮ್ಮ ಮಗನ ಬಟ್ಟೆಯನ್ನೆಲ್ಲ ಹೊರಗೆ ತಂದು ಇಸ್ತ್ರಿ ಮಾಡುತ್ತಿದ್ದಳು. ಮೊದಲು ಕಾಲರು, ಆಮೇಲೆ ತೋಳು, ಕೊನೆಗೆ ಬೆನ್ನು. ಎಂಟು ಶರ್ಟು, ನಾಲ್ಕು ಪ್ಯಾಂಟು. ಒಂದು ಶರ್ಟಿನ ಗುಂಡಿ ಸಡಿಲವಾಗಿತ್ತು, ಅದನ್ನೂ ಬಿಗಿ ಮಾಡಿದಳು. ಮಗನನ್ನು ಮನೆಯಿಂದ ಓಡಿಸುವವಳು ಗುಂಡಿ ಯಾಕೆ ಹೊಲಿಯಬೇಕು ಎಂದು ಕೇಳುವವರು ತಾಯಿಯಾಗಿ ನೋಡಲಿ.

ಗಂಟು ಕಟ್ಟಿ ಮುಗಿಯುವಷ್ಟರಲ್ಲಿ ಜಾಕಿ ಬಂದ. ಸುದ್ದಿ ಅವನಿಗೆ ಯಾರು ಮುಟ್ಟಿಸಿದರೋ, ಟೈರ್ ಬಿಚ್ಚುವ ಕಬ್ಬಿಣದ ಸಲಾಕೆ ಕೈಯಲ್ಲಿತ್ತು. ಬಂದವನೇ ಬೀಗದ ಅಣ್ಣನ ಹೆಗಲಿಗೆ ಬೀಸಿದ. ಬೀಗದ ಅಣ್ಣ ತಿರುಪುಗಳ ಜೊತೆಗೆ ನೆಲಕ್ಕೆ ಉರುಳಿದ.

"ಯಾರ ಮನೆಗೆ ಬೀಗ ಹಾಕ್ತಿದೀಯೋ?"

"ನನ್ನ ಮನೆಗೆ," ಎಂದಳು ಇಸ್ತ್ರಿಯಮ್ಮ. ಅಂಗಡಿ ಕೋಣೆಯಿಂದ ಬಂದು ಹೊಸಿಲ ಮೇಲೆ ನಿಂತಿದ್ದಳು. "ನಿನ್ನ ಬಟ್ಟೆ ಕಟ್ಟಿಟ್ಟಿದೀನಿ. ತಗೊಂಡು ಹೋಗು."

ಅವನು ನಕ್ಕ. "ಅಮ್ಮಾ, ತಲೆ ಕೆಟ್ಟಿದ್ಯಾ ನಿಂಗೆ? ಅವಳೆಲ್ಲಿ?"

"ಇಲ್ಲಿಲ್ಲ."

"ಪಕ್ಕಕ್ಕೆ ಸರಿ. ಅವಳ ಮಿಷನ್ ಪುಡಿ ಮಾಡ್ತೀನಿ. ಆಮೇಲೆ ಅವಳನ್ನ ಹುಡುಕ್ತೀನಿ."

"ಸರಿಯಲ್ಲ."

ಅವನು ಗಂಟನ್ನು ಒದ್ದ. ಮಡಿಕೆ ಹಾಕಿದ ಶರ್ಟುಗಳು ಚರಂಡಿಯವರೆಗೆ ಚೆಲ್ಲಿದವು. ಸಲಾಕೆ ಎತ್ತಿದ. ಹೆದರಿಸಲು ಎತ್ತಿದ್ದಿರಬಹುದು ಎಂದು ಆ ಗಳಿಗೆಯಲ್ಲೂ ಅವಳು ಅಂದುಕೊಂಡಳು. ಅವಳು ತಲೆಗೆ ಅಡ್ಡ ಹಿಡಿದ ಬಲಗೈ ಮೇಲೆ ಏಟು ಬಿತ್ತು. ಒಣಕಟ್ಟಿಗೆ ಮುರಿದ ಸದ್ದು ಬಂತು. ಮೊದಲು ಸದ್ದು ಕೇಳಿಸಿತು, ನೋವು ಆಮೇಲೆ ಬಂತು. ಬಂದಾಗ ಕಣ್ಣು ಕತ್ತಲಿಟ್ಟಿತು, ಬಾಯಿಗೆ ವಾಂತಿ ಬಂತು. ನಾಲಗೆ ತನ್ನ ಹಳೇ ದಾರಿ ಹಿಡಿಯಿತು. "ಯೇಸಪ್ಪಾ, ಮುಖಕ್ಕೆ..."

ಅಲ್ಲಿಗೆ ನಿಂತಿತು. ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಗನ ಮೇಲಲ್ಲ, ತನ್ನ ನಾಲಗೆಯ ಮೇಲೆ. ಬಾಗಿಲ ಚೌಕಟ್ಟನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. "ಯೇಸಪ್ಪಾ, ಇವನ ಕೈ ನಿಲ್ಲಿಸು. ಇವತ್ತಿಗಲ್ಲ, ಯಾವತ್ತಿಗೂ ನಿಲ್ಲಿಸು. ನನ್ನ ಸೊಸೆ ಬದುಕಬೇಕು. ಮೊಮ್ಮಗಳು ಬದುಕಬೇಕು. ನಾನೂ ಬದುಕಬೇಕು. ಇದರಲ್ಲಿ ಒಂದನ್ನೂ ನಾನು ಬಿಟ್ಟುಕೊಡಲ್ಲ. ಕೊಡು."

ತನ್ನನ್ನೂ ಲೆಕ್ಕಕ್ಕೆ ಹಿಡಿದು ಅವಳು ಕೇಳಿದ್ದು ಅದೇ ಮೊದಲು. ದೇವರ ಎದುರು ಹೀಗೆ ಸೆಡ್ಡು ಹೊಡೆದು ನಿಲ್ಲಬಹುದು ಎಂದು ಯಾರಾದರೂ ಹಿಂದಿನ ದಿನ ಹೇಳಿದ್ದರೆ ಅವಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಅವನು ಮತ್ತೆ ಬೀಸಿದ. ಈ ಸಲ ಸಲಾಕೆ ಬಾಗಿಲ ಮರಕ್ಕೆ ಕಚ್ಚಿಕೊಂಡಿತು. ಎರಡು ಸಲ ಎಳೆದ, ಬರಲಿಲ್ಲ. ಬಿಟ್ಟು ಮುಷ್ಟಿಯಲ್ಲಿ ಅವಳ ಬಾಯಿಗೇ ಹೊಡೆದ. ಮುಂದಿನ ಎರಡು ಹಲ್ಲು ನಾಲಗೆಯ ಮೇಲೆ ಬಿದ್ದವು. ತುಟಿ ಹರಿದು ರಕ್ತ ಎದೆಗೆ ಇಳಿಯಿತು. ಮೂವತ್ತು ವರ್ಷ ಗಂಡನಿಂದ ಕಾಪಾಡಿಕೊಂಡು ಬಂದ ಮುಖಕ್ಕೆ ಕೊನೆಗೂ ಬಿತ್ತು. ಬಿದ್ದಮೇಲೆ ಅವಳಿಗೆ ತಿಳಿದದ್ದು ಇಷ್ಟು: ಮುಖಕ್ಕೆ ಬಿದ್ದರೂ ಮನುಷ್ಯ ನಿಂತೇ ಇರಬಹುದು. ಅವಳು ಹಲ್ಲು ಉಗಿದು, ಚೌಕಟ್ಟು ಹಿಡಿದುಕೊಂಡು ನಿಂತೇ ಇದ್ದಳು. ಅವನು ಇನ್ನೊಂದು ಹೊಡೆದ, ಮೂಗಿಗೆ. ಹೊಸಿಲು ಮಾತ್ರ ದಾಟಲಾಗಲಿಲ್ಲ.

ಮೂರನೇ ಏಟು ಬೀಳಲಿಲ್ಲ. ನೆಲಕ್ಕೆ ಬಿದ್ದಿದ್ದ ಬೀಗದ ಅಣ್ಣ ತೆವಳಿಕೊಂಡು ಬಂದು ಜಾಕಿಯ ಕಾಲನ್ನು ಎರಡೂ ತೊಡೆ ಮಧ್ಯೆ ಸಿಕ್ಕಿಸಿಕೊಂಡುಬಿಟ್ಟಿದ್ದ. ಜಾಕಿ ಅವನ ಬೆನ್ನಿಗೆ ಗುದ್ದಿದ, ಅವನು ಬಿಡಲಿಲ್ಲ. ಅಷ್ಟರಲ್ಲಿ ಠಾಣೆಗೆ ಹೋಗಿದ್ದ ಪಾಸ್ಟರ್ ಬೀದಿ ತುದಿಯಲ್ಲಿ ಕಾಣಿಸಿಕೊಂಡರು, ಹಿಂದೆ ಸಭೆಯ ನಾಲ್ಕು ಜನ. ಹಳೇ ಲಾರಿ ಡ್ರೈವರ್ ಅವರೊಳಗೆ ಪೂರ್ತಿ ಸತ್ತಿರಲಿಲ್ಲ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು. ಓಡಿ ಬಂದವರೇ ತಲೆ ತಗ್ಗಿಸಿ ಜಾಕಿಯ ಹೊಟ್ಟೆಗೆ ನುಗ್ಗಿದರು. ಜಾಕಿ ಬಿದ್ದ, ಎದ್ದ, ಅವರ ಹುಬ್ಬು ಒಡೆದ, ಮತ್ತೆ ಬಿದ್ದ. ಅಂಗಡಿ ಮುಂದಿನ ಬೆಂಚು ಮುರಿಯಿತು. ಅವನ ಒಂದೊಂದು ಕೈಗೆ ಒಬ್ಬೊಬ್ಬರು ಜೋತುಬಿದ್ದರು. ವ್ಯಾನು ಎತ್ತಿದ ಕೈ, ಇಬ್ಬರನ್ನೂ ಎತ್ತಿ ಒಗೆಯಿತು, ಅವರು ಮತ್ತೆ ಬಂದು ಜೋತುಬಿದ್ದರು. ಕೊನೆಗೆ ದಪ್ಪಕ್ಕ ಏದುಸಿರು ಬಿಡುತ್ತಾ ಬಂದು, ಯಾರನ್ನೂ ಏನೂ ಕೇಳದೆ, ಅವನ ಎದೆಯ ಮೇಲೆ ಕೂತುಬಿಟ್ಟಳು. ಅಲ್ಲಿಗೆ ಜಾಕಿಯ ಬಲ ಮುಗಿಯಿತು. ಬೀದಿಯ ಅಷ್ಟೂ ಕಿಟಕಿಗಳಲ್ಲಿ ಮುಖಗಳಿದ್ದವು. ಚಪ್ಪಾಳೆ ಮಾತ್ರ ಯಾರೂ ತಟ್ಟಲಿಲ್ಲ.

ಪೊಲೀಸ್ ಜೀಪಿನಿಂದ ಇಳಿದವಳು ಒಬ್ಬ ಚಿಕ್ಕ ವಯಸ್ಸಿನ ಹೆಂಗಸು. ಜಾಕಿಗೆ ಬೇಡಿ ಹಾಕಿಸಿ, ಹೊಸಿಲ ಮೇಲೆ ಕೂತಿದ್ದ ಇಸ್ತ್ರಿಯಮ್ಮನ ಎದುರು ಕುಕ್ಕರಗಾಲಲ್ಲಿ ಕೂತಳು. "ಅಜ್ಜಿ, ಯಾರು ಹೊಡೆದಿದ್ದು? ನೀವೇ ನಿಮ್ಮ ಬಾಯಿಂದ ಹೇಳಬೇಕು. ಇವರೆಲ್ಲ ಹೇಳಿದ್ದು ಸಾಲಲ್ಲ."

ಆಗ ಜೀಪಿನ ಹತ್ತಿರದಿಂದ ಜಾಕಿ ಕರೆದ. "ಅಮ್ಮಾ." ದನಿಯಲ್ಲಿ ಸಿಟ್ಟಿರಲಿಲ್ಲ. "ಅಮ್ಮಾ, ಬಿದ್ದೆ ಅಂತ ಹೇಳಮ್ಮ. ಬಾಗಿಲಿಗೆ ತಾಗ್ತು ಅಂತ ಹೇಳು. ನನ್ನ ಒಳಗೆ ಹಾಕ್ತಾರಮ್ಮ."

ಅವನು ಹಾಗೆ ಅಮ್ಮಾ ಎಂದು ಕರೆದು ಎಷ್ಟು ವರ್ಷವಾಗಿತ್ತೋ. ಒಂದು ಮಾತು ಸಾಕಿತ್ತು, ಬಿದ್ದೆ ಎನ್ನುವುದು. ಎಷ್ಟು ಸಲ ಎಷ್ಟು ಡಾಕ್ಟರುಗಳ ಎದುರು ಹೇಳಿದ ಮಾತು, ಸೊಸೆಯಿಂದಲೂ ಹೇಳಿಸಿದ ಮಾತು. ಅವಳು ಮಗನನ್ನು ನೋಡಿದಳು. ಅವನ ಶರ್ಟಿನ ಜೇಬು ಹರಿದು ಜೋತಾಡುತ್ತಿತ್ತು. ಆ ಜೇಬನ್ನೇ ನೋಡುತ್ತಾ ಹೇಳಿದಳು.

"ಇವನು ನನ್ನ ಮಗ. ಇರೋದು ಇವನೊಬ್ಬನೇ. ಇವನೇ ಹೊಡೆದಿದ್ದು. ಸೊಸೆಗೆ ಎಂಟು ವರ್ಷದಿಂದ ಹೊಡೀತಿದಾನೆ, ನಾನು ನೋಡ್ತಾ ಇದ್ದೆ. ಇಸ್ತ್ರಿ ಪೆಟ್ಟಿಗೆ ಇಟ್ಟಿದ್ದನ್ನೂ ನೋಡಿದೆ. ಎಲ್ಲಾ ಬರ್ಕೊಳಮ್ಮ. ಒಂದೂ ಬಿಡಬೇಡ."

ಜೀಪು ಹೋಯಿತು. ಅದು ತಿರುವು ದಾಟಿದ ಮೇಲೆ ಅವಳು ಎದೆ ಬಡಿದುಕೊಂಡು ಅತ್ತಳು, ಬಡಿದುಕೊಳ್ಳಲು ಇದ್ದದ್ದು ಒಂದೇ ಕೈ. ಪಾಸ್ಟರ್ ಹುಬ್ಬಿನ ರಕ್ತ ಒರೆಸಿಕೊಳ್ಳುತ್ತಾ ಪಕ್ಕದಲ್ಲಿ ಕೂತರು.

ಆಸ್ಪತ್ರೆಯಲ್ಲಿ ನರ್ಸಕ್ಕ ಅವಳ ಕೈಗೆ ಪ್ಲಾಸ್ಟರ್ ಸುತ್ತಿ, ಅದು ಒಣಗುವವರೆಗೆ ಅಲ್ಲಾಡಬಾರದು, ತುಟಿಗೆ ಹೊಲಿಗೆ ಹಾಕಿದೆ, ಮಾತಾಡಲೂಬಾರದು ಎಂದು ಹೇಳಿ ಹೋದಳು. ಸೊಸೆ ಪಕ್ಕದ ಸ್ಟೂಲಿನ ಮೇಲೆ ಕೂತು ಚಮಚದಲ್ಲಿ ನೀರು ಕುಡಿಸುತ್ತಿದ್ದಳು. ಇಬ್ಬರಿಗೂ ಒಂದೊಂದೇ ಕೈ ಕೆಲಸಕ್ಕೆ ಬರುತ್ತಿತ್ತು. ಪುಟ್ಟಿ ಮಂಚದ ಕಾಲದೆಸೆಯಲ್ಲಿ ನಿದ್ದೆ ಹೋಗಿದ್ದಳು. ಇಸ್ತ್ರಿಯಮ್ಮನ ತುಟಿ ಅಲುಗುತ್ತಲೇ ಇತ್ತು.

"ಮಾತಾಡಬೇಡಿ ಅಂದಿಲ್ವಾ ಅತ್ತೆ? ಏನದು?"

"ಕೇಳ್ತಿದೀನಿ."

"ಯಾರಿಗೋಸ್ಕರ?"

"ಅವನಿಗೆ. ನನ್ನ ಮಗನಿಗೆ."

ಚಮಚ ನಿಂತಿತು. "ಅವನು ವಾಪಸ್ ಬರಲಿ ಅಂತಾನಾ?"

"ಮನೆಗಲ್ಲ," ಎಂದಳು ಇಸ್ತ್ರಿಯಮ್ಮ. ಒಂದೊಂದು ಮಾತಿಗೂ ಹೊಲಿಗೆ ಎಳೆಯುತ್ತಿತ್ತು, ಆದರೂ ನಿಲ್ಲಿಸಲಿಲ್ಲ. "ಮನೆಗೆ ಯಾವತ್ತೂ ಬೇಡ, ಆ ಮಾತು ನಿನಗೆ ಕೊಟ್ಟಾಯ್ತು. ಅವನು ಎಲ್ಲೇ ಇರಲಿ, ಅಲ್ಲೇ ಅವನನ್ನ ಮನುಷ್ಯನ್ನ ಮಾಡು ಅಂತ ಕೇಳ್ತಿದೀನಿ. ಅರ್ಧಂಬರ್ಧ ಅಲ್ಲ. ಮಾಡಿದ್ದೆಲ್ಲ ಅವನಿಗೇ ಕಾಣಬೇಕು, ಕಂಡು ಅವನು ಅಳಬೇಕು. ಅವನಪ್ಪನ ಕೈ ಅವನ ಕೈಯಿಂದ ಬಿಟ್ಟು ಹೋಗಬೇಕು."

ಸೊಸೆ ಕಿಟಕಿಯ ಕಡೆ ನೋಡಿ, ಆಮೇಲೆ ಮತ್ತೆ ಚಮಚ ತುಂಬಿಸಿದಳು. ಇಸ್ತ್ರಿಯಮ್ಮ ನೀರು ನುಂಗಿದಳು.

"ಅದನ್ನ ನೋಡೋಕೆ ನಾನು ಇರದೇ ಇದ್ರೂ ಪರವಾಗಿಲ್ಲ ಅನ್ನೋಕೆ ಹೊರಟಿದ್ದೆ," ಎಂದಳು. "ಆಮೇಲೆ ಅಂದ್ಕೊಂಡೆ, ಯಾಕೆ ಪರವಾಗಿಲ್ಲ? ನೋಡೋಕೆ ನಾನೂ ಇರಬೇಕು ಅಂತ ಅದನ್ನೂ ಕೇಳಿಬಿಟ್ಟೆ."